ಶುಲ್ಕ ಕಟ್ಟಿ ಆಡಿದವರು



ಯಾರೂ ಕರೆಯದಿದ್ದರೂ ತಾನಾಗಿ ಬಂದು ನಿಲ್ಲುವವನನ್ನು ಕುರಿತು ಸರ್ವಜ್ಞ ಎಂಥ ಕಟುಮಾತನ್ನಾಡಿದ್ದಾನೆಂಬುದು ನಿಮಗೆ ನೆನಪಿರಬೇಕು. ಆ ತ್ರಿಪದಿಯನ್ನು ಬಾಯಿಪಾಠ ಒಪ್ಪಿಸದೆ ನಮ್ಮ ಶಾಲೆಯಿಂದ ಹೊರಬಿದ್ದವರು ಕಡಿಮೆ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಹೀಗೆ ತಾನಾಗಿ ಬಂದು ನಿಲ್ಲುವ ಆಟಗಾರನಿಗೆ ಒಂದು ಹೆಸರೇ ಇದೆ. ಅವನನ್ನು ‘ವಾಕ್-ಆನ್’ ಎನ್ನುತ್ತಾರೆ. ನಡೆದುಕೊಂಡು ಮೈದಾನದೊಳಕ್ಕೆ ಬಂದವನು ಎಂದು ಸ್ಥೂಲವಾಗಿ ಅದರ ಅರ್ಥ. ವಿಶ್ವವಿದ್ಯಾಲಯವು ಕ್ರೀಡಾ ವಿದ್ಯಾರ್ಥಿವೇತನ ಕೊಟ್ಟು ಕರೆತಂದ ಆಟಗಾರರ ಜೊತೆಗೆ, ತನ್ನ ಕಾಲೇಜು ಶುಲ್ಕವನ್ನು ತಾನೇ ಕಟ್ಟಿಕೊಂಡು, ಅಷ್ಟೇ ಹೊತ್ತು ಬೆವರು ಸುರಿಸುವವನು ಇವನು. ಅಮೆರಿಕದಲ್ಲಿ ನೆಲಸಿರುವ ನಿಮ್ಮಲ್ಲಿ ಕೆಲವರ ಮಕ್ಕಳು ಈಗ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾರೆ. ನಿಮಗೆ ಈ ಪದ ಹೊಸದಲ್ಲ. ಆದರೆ ಅದರ ಹಿಂದಿರುವ ಚರಿತ್ರೆ ಅಷ್ಟು ಪರಿಚಿತವಲ್ಲವೆಂದು ತೋರುತ್ತದೆ. ಚರಿತ್ರೆಯ ಪಾಠ ಹೇಳಿ ನಿವೃತ್ತನಾದವನಿಗೆ ಇಂಥದೊಂದು ವಿಷಯ ಸಿಕ್ಕರೆ ಬಿಡುವ ಮನಸ್ಸಾಗುವುದಿಲ್ಲ.

ಊರಿನಲ್ಲಿರುವವರಿಗಾಗಿ ಒಂದು ವಿವರಣೆ. ಇಲ್ಲಿ ಫುಟ್‌ಬಾಲ್ ಎಂದರೆ ನೀವು ಶಾಲೆಯ ಬಯಲಿನಲ್ಲಿ ಒದೆಯುತ್ತಿದ್ದ ದುಂಡು ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಕವಚ ತೊಟ್ಟು ಒಬ್ಬರ ಮೇಲೊಬ್ಬರು ಬೀಳುವ ಆಟ. ಒಂದು ಹೊತ್ತಿಗೆ ಮೈದಾನದಲ್ಲಿ ಒಂದು ಪಕ್ಷಕ್ಕೆ 11 ಮಂದಿ ಮಾತ್ರ ಇರುತ್ತಾರೆ. ಆದರೆ ಆಕ್ರಮಣಕ್ಕೆ ಒಂದು ತಂಡ, ರಕ್ಷಣೆಗೆ ಇನ್ನೊಂದು, ಚೆಂಡನ್ನು ಒದೆಯುವ ಸಂದರ್ಭಗಳಿಗೆ ಮತ್ತೊಂದು. ಇವರಿಗೆಲ್ಲ ಬದಲಿಗಳು ಬೇಕು, ಬದಲಿಗಳಿಗೆ ಬದಲಿಗಳು ಬೇಕು. ಹೀಗಾಗಿ ಒಂದು ವಿಶ್ವವಿದ್ಯಾಲಯದ ತಂಡವೆಂದರೆ ನೂರಕ್ಕೂ ಮಿಕ್ಕಿದ ಸೈನ್ಯ.

ಈ ಆಟದ ಮೊದಲ ಅಂತರಕಾಲೇಜು ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್ ಊರಿನಲ್ಲಿ. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಪಕ್ಷಕ್ಕೆ 25 ಮಂದಿಯಂತೆ ಆಡಿದವು. ರಟ್ಗರ್ಸ್ 6-4ರಿಂದ ಗೆದ್ದಿತು. ಆಟಗಾರನಿಗೆಂದು ಯಾವ ವೇತನವೂ ಇರದಿದ್ದ ಆ ಕಾಲದಲ್ಲಿ ಆಡಿದವರೆಲ್ಲರೂ ಒಂದು ಅರ್ಥದಲ್ಲಿ ವಾಕ್-ಆನ್‌ಗಳೇ. ಯಾರನ್ನೂ ಹಣ ಕೊಟ್ಟು ಕರೆಸದ ಕಡೆ, ಕರೆಸದೆ ಬಂದವನಿಗೆ ಬೇರೊಂದು ಹೆಸರಿನ ಅಗತ್ಯವಾದರೂ ಏನು?

ಹೆಸರಿನ ಅಗತ್ಯ ಬಿದ್ದದ್ದು ಹಣ ಬಂದಮೇಲೆ. ಪ್ರೇಕ್ಷಕರು ಬಂದರು, ಟಿಕೆಟ್ಟು ಬಂತು, ಗೆಲ್ಲಲೇಬೇಕೆಂಬ ಹಟ ಬಂತು. ಒಳ್ಳೆಯ ಆಟಗಾರನಿಗೆ ಹಳೆಯ ವಿದ್ಯಾರ್ಥಿಗಳು ಗುಟ್ಟಾಗಿ ಹಣ ಕೊಡುವುದು, ಹೆಸರಿಗೆ ಮಾತ್ರ ಇರುವ ಕೆಲಸ ಕೊಡಿಸುವುದು ಶುರುವಾಯಿತು. 1905ರಲ್ಲಿ ಮೈದಾನದ ಸಾವುಗಳು ದೇಶವನ್ನು ಬೆಚ್ಚಿಬೀಳಿಸಿದಾಗ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ರೂಪುಗೊಂಡ ಕಾಲೇಜುಗಳ ಕ್ರೀಡಾ ಸಂಘವೇ 1910ರಿಂದ ಎನ್.ಸಿ.ಎ.ಎ. ಎಂಬ ಹೆಸರು ಪಡೆಯಿತು. ಆಟಗಾರನಿಗೆ ಹಣ ಸಲ್ಲದೆಂಬುದು ಅದರ ಮೂಲಮಂತ್ರ. ಮಂತ್ರ ಒಂದು ಕಡೆ, ಆಚರಣೆ ಇನ್ನೊಂದು ಕಡೆ. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಪ್ರಕಟಿಸಿದ ವರದಿಯು, ತಾನು ಪರಿಶೀಲಿಸಿದ ಕಾಲೇಜುಗಳಲ್ಲಿ ಬಹುಪಾಲು ಒಂದಿಲ್ಲೊಂದು ರೂಪದಲ್ಲಿ ಆಟಗಾರರಿಗೆ ನೆರವು ನೀಡುತ್ತಿವೆಯೆಂದು ಬಯಲಿಗೆಳೆಯಿತು. 1948ರಲ್ಲಿ ತಂದ ಕಠಿಣ ನಿಯಮಾವಳಿಯನ್ನು ಏಳು ಕಾಲೇಜುಗಳು ಬಹಿರಂಗವಾಗಿಯೇ ಧಿಕ್ಕರಿಸಿದವು. ಅವನ್ನು ಉಚ್ಚಾಟಿಸಲು 1950ರಲ್ಲಿ ಬೇಕಾದಷ್ಟು ಮತಗಳು ಬೀಳಲಿಲ್ಲ. 1951ರಲ್ಲಿ ನಿಯಮಾವಳಿಯನ್ನೇ ಕೈಬಿಟ್ಟರು. ಕೊನೆಗೆ 1956ರಲ್ಲಿ ಸಂಘವು ಸೋಲೊಪ್ಪಿಕೊಂಡು, ಕ್ರೀಡೆಯ ಆಧಾರದ ಮೇಲೆಯೇ ಪೂರ್ಣ ವಿದ್ಯಾರ್ಥಿವೇತನ ನೀಡಬಹುದೆಂದು ಒಪ್ಪಿತು. ಶುಲ್ಕ, ವಸತಿ, ಊಟ, ಪುಸ್ತಕ, ಅದರ ಮೇಲೆ ಬಟ್ಟೆ ಒಗೆಸುವ ಖರ್ಚಿಗೆಂದು ತಿಂಗಳಿಗೆ 15 ಡಾಲರ್.

ಆ ದಿನದಿಂದ ಒಂದೇ ಮೈದಾನದಲ್ಲಿ ಎರಡು ವರ್ಗಗಳು ಅಧಿಕೃತವಾದವು. ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣ ಪ್ರವೇಶದ ಕಾಲದಲ್ಲಿ ‘ಮೆರಿಟ್ ಸೀಟು’, ‘ಪೇಮೆಂಟ್ ಸೀಟು’ ಎಂಬ ಮಾತುಗಳು ಹುಟ್ಟಿದ್ದು ನೆನಪಿದೆಯಲ್ಲವೇ? ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಪೇಮೆಂಟ್ ಸೀಟಿನ ಹುಡುಗನಿಗೆ ಕನಿಷ್ಠಪಕ್ಷ ಅದೇ ಡಿಗ್ರಿ ಸಿಗುತ್ತಿತ್ತು. ವಾಕ್-ಆನ್ ಹುಡುಗನಿಗೆ ಆಡುವ ಅವಕಾಶ ಸಿಗುತ್ತದೆಂಬ ಭರವಸೆಯೂ ಇರಲಿಲ್ಲ. ಇವರಲ್ಲೂ ಒಳಭೇದವುಂಟು. ತರಬೇತುದಾರರೇ ‘ಬಾ, ಜಾಗ ಕೊಡುತ್ತೇನೆ, ಹಣ ಕೊಡಲಾರೆ’ ಎಂದು ಹೇಳಿ ಕರೆಸಿಕೊಂಡವರು ಕೆಲವರು. ಬಹಿರಂಗ ಆಯ್ಕೆಯ ದಿನ ಸಾಲಿನಲ್ಲಿ ನಿಂತು ಬಂದವರು ಇನ್ನು ಕೆಲವರು.

ನನ್ನನ್ನು ಬಹಳ ಕಾಡಿದ್ದು ಊಟದ ಸಂಗತಿ. ವಿದ್ಯಾರ್ಥಿವೇತನದವರಿಗೆ ಊಟ ಅವರ ವೇತನದ ಭಾಗ. ವಾಕ್-ಆನ್‌ಗೆ ಹಾಗಿಲ್ಲ, ಒಟ್ಟಿಗೇ ಅಭ್ಯಾಸ ಮುಗಿಸಿ ಬಂದರೂ ಅವನ ತುತ್ತು ಅವನ ಜೇಬಿನದು. ಕೊಟ್ಟರೆ ನಿಯಮೋಲ್ಲಂಘನೆ! ಎಲ್ಲ ಆಟಗಾರರಿಗೂ, ವಾಕ್-ಆನ್‌ಗಳಿಗೂ ಸೇರಿ, ಮಿತಿಯಿಲ್ಲದೆ ಊಟ ಉಪಾಹಾರ ಕೊಡಬಹುದೆಂದು ಎನ್.ಸಿ.ಎ.ಎ. ಒಪ್ಪಿದ್ದು 2014ರ ಏಪ್ರಿಲ್ಲಿನಲ್ಲಿ. ಪಂಕ್ತಿಭೇದವೆಂಬುದು ನಮ್ಮ ದೇಶದ ಸೊತ್ತು ಎಂದು ನಾನು ಬಹುಕಾಲ ತಿಳಿದಿದ್ದೆ. ಜಾತಿಯ ಕಾರಣಕ್ಕಲ್ಲದೆ ಲೆಕ್ಕಪತ್ರದ ಕಾರಣಕ್ಕೂ ಎಲೆ ಬೇರೆಯಾಗಬಹುದು.

ಈ ಎರಡನೆಯ ವರ್ಗ ಬೆಳೆದದ್ದು 1973ರಿಂದೀಚೆಗೆ. 1960ರ ದಶಕದ ನಡುವೆ ಆಟಗಾರರನ್ನು ಎಷ್ಟು ಬಾರಿಯಾದರೂ ಬದಲಾಯಿಸಬಹುದೆಂಬ ನಿಯಮ ಮರಳಿ ಬಂದಿತ್ತು, ತಂಡಗಳು ಊದಿಕೊಂಡವು. ಶ್ರೀಮಂತ ವಿಶ್ವವಿದ್ಯಾಲಯಗಳು ನೂರಕ್ಕೂ ಹೆಚ್ಚು ವಿದ್ಯಾರ್ಥಿವೇತನಗಳನ್ನು ಹಂಚಿ, ತಮಗೆ ಬೇಕಾದವರನ್ನಷ್ಟೇ ಅಲ್ಲ, ಎದುರಾಳಿಗೆ ಸಿಗಬಾರದವರನ್ನೂ ಕೂಡಿಹಾಕುತ್ತಿದ್ದವೆಂಬ ದೂರು ಇತ್ತು. 1973ರಲ್ಲಿ ಎನ್.ಸಿ.ಎ.ಎ. ಮೇಲ್ದರ್ಜೆಯ ಫುಟ್‌ಬಾಲ್ ತಂಡವೊಂದಕ್ಕೆ 105 ವಿದ್ಯಾರ್ಥಿವೇತನಗಳ ಮಿತಿ ಹಾಕಿತು. ಈ 105 ಎಂಬ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅದೇ ವರ್ಷ ನಾಲ್ಕು ವರ್ಷದ ವಿದ್ಯಾರ್ಥಿವೇತನ ಹೋಗಿ, ವರ್ಷ ವರ್ಷ ನವೀಕರಿಸುವ ಪದ್ಧತಿ ಬಂತು. ಮಿತಿ 1978ರಲ್ಲಿ 95ಕ್ಕೆ ಇಳಿಯಿತು. 1992ರಿಂದ ಹಂತಹಂತವಾಗಿ ಇಳಿದು 1994ಕ್ಕೆ 85 ಆಯಿತು. ತಂಡಕ್ಕೆ ಬೇಕಾದ ತೋಳುಗಳು ಮಾತ್ರ ಕಡಿಮೆಯಾಗಲಿಲ್ಲ. ಬೇಕಾದ ಸಂಖ್ಯೆಗೂ ವೇತನದ ಸಂಖ್ಯೆಗೂ ನಡುವೆ ಬಿದ್ದ ಕಂದಕವನ್ನು ತುಂಬಿದವರು ವಾಕ್-ಆನ್‌ಗಳು.

ಇದನ್ನು ಒಂದು ಕಲೆಯ ಮಟ್ಟಕ್ಕೆ ಬೆಳೆಸಿದ್ದು ನೆಬ್ರಾಸ್ಕಾ. ಅಮೆರಿಕದ ನಡುವಿನ ಈ ರಾಜ್ಯ ಜೋಳ, ಗೋವು, ಹುಲ್ಲುಗಾವಲುಗಳ ನಾಡು; ಇಡೀ ರಾಜ್ಯದ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸು. ವೃತ್ತಿಪರ ಫುಟ್‌ಬಾಲ್ ತಂಡ ಅಲ್ಲಿಲ್ಲ. ಇರುವುದು ಲಿಂಕನ್ ನಗರದ ವಿಶ್ವವಿದ್ಯಾಲಯ, ಅದರ ಕ್ರೀಡಾಂಗಣ. ಅಲ್ಲಿ 1962ರ ನವೆಂಬರಿನಲ್ಲಿ ಆರಂಭವಾದ ‘ಟಿಕೆಟ್ ಪೂರ್ತಿ ಮಾರಾಟ’ದ ಸರಣಿ ಅರ್ಧ ಶತಮಾನವನ್ನು ದಾಟಿತು. ಹಳ್ಳಿಯ ಪ್ರೌಢಶಾಲೆಗಳಲ್ಲಿ ಹುಡುಗರ ಸಂಖ್ಯೆ ಎಷ್ಟು ಕಡಿಮೆಯೆಂದರೆ ಹಲವು ಕಡೆ ಹನ್ನೊಂದರ ಬದಲು ಎಂಟು ಮಂದಿಯ ಫುಟ್‌ಬಾಲ್ ಆಡಿಸುತ್ತಾರೆ. ಇಂಥ ಶಾಲೆಯ ಹುಡುಗನನ್ನು ನೋಡಲು ದೊಡ್ಡ ಊರಿನ ಯಾವ ತರಬೇತುದಾರ ಬಂದಾನು? ಪ್ರತಿಭೆ ಇದ್ದರೂ ಅಳೆಯುವವರಿಲ್ಲ. ಅಳೆದರೂ ಹೋಲಿಸಲು ಸಮಾನರಿಲ್ಲ. ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಯುವ ಶಾಲೆಗಳನ್ನು ಕಂಡ ನಮಗೆ ಇದು ಅರ್ಥವಾಗದ ಮಾತಲ್ಲ.

ಬಾಬ್ ಡೆವೇನಿಯವರ ನಂತರ 1973ರಲ್ಲಿ, ಮಿತಿ ಬಂದ ವರ್ಷವೇ, ಟಾಮ್ ಆಸ್ಬಾರ್ನ್ ಅಲ್ಲಿಯ ಮುಖ್ಯ ತರಬೇತುದಾರರಾದರು. 1997ರವರೆಗೆ ಆ ಸ್ಥಾನದಲ್ಲಿದ್ದರು. 255 ಗೆಲುವುಗಳು ಅವರ ಲೆಕ್ಕದಲ್ಲಿವೆ. ಹಳ್ಳಿಯ ಹುಡುಗರಿಗೆ ಅವರ ಕಾಲದಲ್ಲಿ ಬಾಗಿಲು ತೆರೆದಿತ್ತು. ಬಾಗಿಲು ತೆರೆದು ಮೂಲೆಯಲ್ಲಿ ಕೂರಿಸುವುದು ಸುಲಭ. ಆಸ್ಬಾರ್ನ್ ಅಭ್ಯಾಸವನ್ನು ಏಕಕಾಲಕ್ಕೆ ಹಲವು ಕಡೆ ನಡೆಸುವಂತೆ ಏರ್ಪಡಿಸಿದರು. ಮೊದಲ ಹನ್ನೊಂದು ಮಂದಿ ಆಡುವುದನ್ನು ಉಳಿದವರು ಕೈಕಟ್ಟಿ ನೋಡುತ್ತ ನಿಲ್ಲಬೇಕಾಗಿರಲಿಲ್ಲ; ಕಟ್ಟಕಡೆಯವನ ಕೈಗೂ ಚೆಂಡು ಬರುತ್ತಿತ್ತು. ಹಿಂದಿನ ಬೆಂಚಿನವನಿಗೂ ಪ್ರಶ್ನೆ ಹೋಗಬೇಕೆಂದು ಬಿ.ಎಡ್. ತರಗತಿಯಲ್ಲಿ ನಮಗೆ ಎಷ್ಟೋ ಬಾರಿ ಹೇಳಿದ್ದರು. ಅದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ಉದಾಹರಣೆ ನನಗೆ ಬೇರೆ ಕಂಡಿಲ್ಲ. ಎರಡು ಮೂರು ವರ್ಷ ಹೀಗೆ ಮಾಗಿದ ಹುಡುಗರು ಕೊನೆಯ ವರ್ಷಗಳಲ್ಲಿ ಮುಖ್ಯ ತಂಡಕ್ಕೆ ಏರಿದರು. 1977ರಲ್ಲಿ ಇಂಡಿಯಾನಾ ವಿರುದ್ಧದ ಪಂದ್ಯವೊಂದರಲ್ಲಿ 254 ಗಜ ಓಡಿದ ಐ.ಎಂ. ಹಿಪ್ ಹೀಗೆ ಬಂದವನೇ. ಆತ ನೆಬ್ರಾಸ್ಕಾದವನೂ ಅಲ್ಲ, ದೂರದ ದಕ್ಷಿಣ ಕ್ಯಾರೊಲಿನಾದಿಂದ ತಾನಾಗಿ ಹೊರಟು ಬಂದಿದ್ದ. ನೆಬ್ರಾಸ್ಕಾ 1994, 1995 ಮತ್ತು 1997ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗಲೂ ತಂಡದಲ್ಲಿ ಶುಲ್ಕ ಕಟ್ಟಿ ಬಂದವರಿದ್ದರು.

ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ್ದು ಇನ್ನೊಂದು ಬಗೆ. 1922ರ ಜನವರಿ 2ರಂದು ಡಲ್ಲಾಸಿನಲ್ಲಿ ಸೆಂಟರ್ ಕಾಲೇಜಿನೊಡನೆ ನಡೆದ ಪಂದ್ಯದಲ್ಲಿ ಗಾಯಾಳುಗಳು ಹೆಚ್ಚಾಗಿ, ಬದಲಿಗಳು ಮುಗಿಯುವ ಸ್ಥಿತಿ ಬಂತು. ಬ್ಯಾಸ್ಕೆಟ್‌ಬಾಲಿಗಾಗಿ ಫುಟ್‌ಬಾಲ್ ತಂಡ ಬಿಟ್ಟಿದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಮೇಲಿನಿಂದ ಕೆಳಗೆ ಕರೆಸಿದರು. ಗಾಯಗೊಂಡವನೊಬ್ಬನ ಉಡುಪು ತೊಟ್ಟು ಆತ ಪಕ್ಕದಲ್ಲಿ ಸಿದ್ಧನಾಗಿ ನಿಂತ. ಆಡುವ ಪ್ರಸಂಗ ಬರಲಿಲ್ಲ. ತಂಡ 22-14ರಿಂದ ಗೆದ್ದಿತು. ನಿಂತದ್ದೇ ದಂತಕಥೆಯಾಯಿತು, ‘ಹನ್ನೆರಡನೆಯವನು’ ಎಂಬ ಬಿರುದು ಹುಟ್ಟಿತು. 1983ರಲ್ಲಿ ತರಬೇತುದಾರ ಜ್ಯಾಕಿ ಶೆರಿಲ್ ಆ ನೆನಪಿನಲ್ಲಿ, ಸ್ವಂತ ನೆಲದ ಪಂದ್ಯಗಳಲ್ಲಿ ಆರಂಭದ ಒದೆತಕ್ಕೆ ಓಡುವ ತಂಡವನ್ನು ಸಾಮಾನ್ಯ ವಿದ್ಯಾರ್ಥಿಗಳಿಂದಲೇ ಕಟ್ಟಿದರು. ಅವರ ನಂತರ ಬಂದವರು ಅದನ್ನು ಒಬ್ಬನಿಗೆ ಇಳಿಸಿ, 12ನೆಯ ಸಂಖ್ಯೆಯ ಅಂಗಿ ತೊಡಿಸಿದರು.

ವಾಕ್-ಆನ್‌ನ ದಿನಚರಿಗೆ ಬರೋಣ. ಅವನ ಮುಖ್ಯ ಕೆಲಸ ‘ಸ್ಕೌಟ್ ಟೀಮ್’ ಎಂಬುದರಲ್ಲಿ. ಮುಂದಿನ ಶನಿವಾರದ ಎದುರಾಳಿ ಹೇಗೆ ಆಡುತ್ತಾನೋ ಹಾಗೆ ಇವರು ವಾರವಿಡೀ ಆಡಿ ತೋರಿಸಬೇಕು, ಮುಖ್ಯ ತಂಡದ ಹೊಡೆತಗಳನ್ನು ತಿನ್ನಬೇಕು. ಯಕ್ಷಗಾನದಲ್ಲಿ ಕಲಿಯುವ ಹುಡುಗರು ರಾತ್ರಿಯ ಮೊದಲ ಭಾಗದಲ್ಲಿ ಕೋಡಂಗಿ, ಬಾಲಗೋಪಾಲರಾಗಿ ಕುಣಿಯುತ್ತಾರಲ್ಲ, ಅವರನ್ನಾದರೂ ಬೇಗ ಬಂದ ನಾಲ್ಕು ಜನ ನೋಡುತ್ತಾರೆ. ಸ್ಕೌಟ್ ತಂಡವನ್ನು ನೋಡುವವರೇ ಇಲ್ಲ. 1991ರಿಂದ ಋತುವಿನಲ್ಲಿ ವಾರಕ್ಕೆ 20 ಗಂಟೆ ಎಂಬ ಮಿತಿ ಕಾಗದದ ಮೇಲಿತ್ತು. ವೇತನದವನಿಗೂ ಅಷ್ಟೇ, ಶುಲ್ಕ ಕಟ್ಟುವವನಿಗೂ ಅಷ್ಟೇ. ಪರಸ್ಥಳದ ಪಂದ್ಯಕ್ಕೆ ಎಲ್ಲರಿಗೂ ಬಸ್ಸು ವಿಮಾನಗಳಲ್ಲಿ ಜಾಗವಿಲ್ಲ. ಉಳಿದವರು ಕೊಠಡಿಯಲ್ಲಿ ಟಿ.ವಿ. ಮುಂದೆ.

ಇವರಲ್ಲಿ ಲೋಕಪ್ರಸಿದ್ಧನಾದವನು ರೂಡಿ ರುಟಿಗರ್. ಇಲಿನಾಯ್‌ನ ಜೋಲಿಯೆಟ್ ಊರಿನವನು, 14 ಮಕ್ಕಳಲ್ಲಿ ಮೂರನೆಯವನು. ಓದಿನಲ್ಲಿ ಅಕ್ಷರಗಳನ್ನು ಗುರುತಿಸುವ ತೊಡಕು ಇತ್ತು. ನೌಕಾದಳ, ವಿದ್ಯುತ್ ಸ್ಥಾವರಗಳಲ್ಲಿ ದುಡಿದು, ಮೂರು ಬಾರಿ ತಿರಸ್ಕೃತನಾಗಿ, 1974ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪಡೆದ. ಎತ್ತರ ಐದಡಿ ಆರಂಗುಲ, ತೂಕ ಸುಮಾರು 75 ಕಿಲೋ. 1975ರ ನವೆಂಬರ್ 8ರಂದು ಜಾರ್ಜಿಯಾ ಟೆಕ್ ವಿರುದ್ಧ ಗೆಲುವು ಖಚಿತವಾದಮೇಲೆ ಕೊನೆಯ ಕ್ಷಣಗಳಲ್ಲಿ ಅವನನ್ನು ಇಳಿಸಿದರು. ಎದುರಾಳಿಯ ಚೆಂಡೆಸೆಗಾರನನ್ನು ಕೆಡವಿದ. ಸಹ ಆಟಗಾರರು ಹೊತ್ತುಕೊಂಡು ಹೊರಬಂದರು. 1993ರ ‘ರೂಡಿ’ ಚಲನಚಿತ್ರ ನಿಮ್ಮಲ್ಲಿ ಹಲವರು ನೋಡಿರಬಹುದು. ಆಟಗಾರರು ಒಬ್ಬೊಬ್ಬರಾಗಿ ಬಂದು ತಮ್ಮ ಅಂಗಿಯನ್ನು ತರಬೇತುದಾರ ಡ್ಯಾನ್ ಡಿವೈನ್ ಅವರ ಮೇಜಿನ ಮೇಲಿಟ್ಟು ‘ನನ್ನ ಬದಲು ರೂಡಿ ಆಡಲಿ’ ಎನ್ನುವ ದೃಶ್ಯಕ್ಕೆ ಕಣ್ಣೊರೆಸಿಕೊಳ್ಳದವರಿಲ್ಲ. ಆ ದೃಶ್ಯ ಚಿತ್ರಕ್ಕಾಗಿ ಹೆಣೆದ ಕಲ್ಪನೆ. ಡಿವೈನ್ ಅವರನ್ನು ಕಲ್ಲೆದೆಯವರಾಗಿ ತೋರಿಸಿದ್ದು ಅನ್ಯಾಯವೆಂದೇ ನನ್ನ ಮತ. ಅವನನ್ನು ಮೈದಾನಕ್ಕಿಳಿಸಿದ ತಂಡದ ಹೊಣೆ ಹೊತ್ತಿದ್ದವರು ಅವರೇ ತಾನೆ?

ಚಿತ್ರದ ರೂಡಿಗಿಂತ ನನ್ನ ಮನಸ್ಸನ್ನು ಹೆಚ್ಚು ಹಿಡಿದವನು ಬ್ರ್ಯಾಂಡನ್ ಬರ್ಲ್ಸ್‌ವರ್ತ್. ಅರ್ಕಾನ್ಸಾ ರಾಜ್ಯದ ಹ್ಯಾರಿಸನ್ ಎಂಬ ಸಣ್ಣ ಊರಿನ ಸ್ಥೂಲಕಾಯದ ಹುಡುಗ, ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ. 1994ರಲ್ಲಿ ರಾಜ್ಯದ ವಿಶ್ವವಿದ್ಯಾಲಯಕ್ಕೆ ವಾಕ್-ಆನ್ ಆಗಿ ಬಂದ. ಮೈ ಕರಗಿಸಿದ, ಮತ್ತೆ ಕಟ್ಟಿದ; ವಿದ್ಯಾರ್ಥಿವೇತನ ದೊರೆಯಿತು; 1998ರ ಹೊತ್ತಿಗೆ ರಾಷ್ಟ್ರದ ಶ್ರೇಷ್ಠ ಆಟಗಾರರ ‘ಆಲ್-ಅಮೆರಿಕನ್’ ಪಟ್ಟಿಯಲ್ಲಿದ್ದ. ಕಾಲೇಜಿನ ಕೊನೆಯ ಪಂದ್ಯಕ್ಕೆ ಮೊದಲೇ ಸ್ನಾತಕೋತ್ತರ ಪದವಿ ಮುಗಿಸಿದ್ದ ಎಂಬುದು ಮೇಷ್ಟ್ರಾದ ನನಗೆ ಆಟಕ್ಕಿಂತ ಹೆಚ್ಚು ಮೆಚ್ಚಿಗೆಯಾದ ಸಂಗತಿ. 1999ರ ಏಪ್ರಿಲ್ಲಿನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವೃತ್ತಿಪರ ತಂಡ ಅವನನ್ನು ಆರಿಸಿಕೊಂಡಿತು. ಹನ್ನೊಂದು ದಿನಗಳ ತರುವಾಯ, ಏಪ್ರಿಲ್ 28ರ ಬುಧವಾರ, ತಾಯಿಯನ್ನು ಚರ್ಚಿಗೆ ಕರೆದೊಯ್ಯಲೆಂದು ಊರಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡ. ವಯಸ್ಸು 22. ವಾಕ್-ಆನ್ ಆಗಿ ಆರಂಭಿಸಿದ ಅತ್ಯುತ್ತಮ ಆಟಗಾರನಿಗೆ 2010ರಿಂದ ಅವನ ಹೆಸರಿನ ಪಾರಿತೋಷಕ ಕೊಡುತ್ತಿದ್ದಾರೆ.

ಅದನ್ನು 2015 ಮತ್ತು 2016ರಲ್ಲಿ ಎರಡು ಬಾರಿ ಪಡೆದವನು ಬೇಕರ್ ಮೇಫೀಲ್ಡ್. 2013ರಲ್ಲಿ ಟೆಕ್ಸಾಸ್ ಟೆಕ್‌ಗೆ ವಾಕ್-ಆನ್. ಅಲ್ಲಿಂದ ಒಕ್ಲಹೋಮಾಕ್ಕೆ ಹೋಗಿ ಮತ್ತೆ ವಾಕ್-ಆನ್. ಒಂದೇ ಕೂಟದ ಎರಡು ವಿಶ್ವವಿದ್ಯಾಲಯಗಳ ನಡುವೆ ವರ್ಗವಾದನೆಂದು, ವಿದ್ಯಾರ್ಥಿವೇತನವನ್ನೇ ಪಡೆಯದಿದ್ದವನ ಆಟದ ಒಂದು ವರ್ಷ ಕಡಿತವಾಯಿತು. ಸಂಬಳವಿಲ್ಲದ ಆಳಿಗೂ ನೋಟೀಸು ಕೊಟ್ಟೇ ಹೋಗಬೇಕೆಂದಂತೆ! 2016ರ ಜೂನಿನಲ್ಲಿ ಕೂಟ ನಿಯಮ ತಿದ್ದಿತು. 2017ರಲ್ಲಿ ಕಾಲೇಜು ಫುಟ್‌ಬಾಲಿನ ಪರಮೋಚ್ಚ ಗೌರವವಾದ ಹೈಸ್ಮನ್ ಪಾರಿತೋಷಕ ಅವನದಾಯಿತು, 2018ರ ವೃತ್ತಿಪರ ಆಯ್ಕೆಯಲ್ಲಿ ಮೊದಲ ಹೆಸರೇ ಅವನದು. ಇನ್ನೊಂದು ಸೋಜಿಗ ಕೇಳಿ. 2018ರ ಜನವರಿ 1ರ ರೋಸ್ ಬೌಲ್ ಪಂದ್ಯಕ್ಕೆ ಜಾರ್ಜಿಯಾ ತಂಡ ಸಿದ್ಧವಾಗುತ್ತಿದ್ದಾಗ ಮೇಫೀಲ್ಡ್‌ನ ಆಟವನ್ನು ಅನುಕರಿಸಿ ತೋರಿಸಲು ನೇಮಕವಾದವನು ಸ್ಟೆಟ್ಸನ್ ಬೆನೆಟ್ ಎಂಬ ವಾಕ್-ಆನ್. ಜಾರ್ಜಿಯಾ 54-48ರಿಂದ ಗೆದ್ದಿತು. ಬೆನೆಟ್ ಒಂದು ವರ್ಷ ಮಿಸಿಸಿಪಿಯ ಕಿರಿಯ ಕಾಲೇಜಿಗೆ ಹೋಗಿ, ವಿದ್ಯಾರ್ಥಿವೇತನದೊಂದಿಗೆ ಮರಳಿ, 2021 ಮತ್ತು 2022ರ ಋತುಗಳಲ್ಲಿ ಜಾರ್ಜಿಯಾವನ್ನು ಸತತ ಎರಡು ಬಾರಿ ರಾಷ್ಟ್ರೀಯ ಚಾಂಪಿಯನ್ ಮಾಡಿದ. ಸೆಂಟ್ರಲ್ ಮಿಷಿಗನ್‌ನ ವಿದ್ಯಾರ್ಥಿವೇತನವನ್ನು ಬಿಟ್ಟು, ನಡುವೆ ಪಿಜ್ಜಾ ಮನೆಮನೆಗೆ ಮುಟ್ಟಿಸಿ, 2008ರಲ್ಲಿ ವಿಸ್ಕಾನ್ಸಿನ್‌ಗೆ ವಾಕ್-ಆನ್ ಆದ ಜೆ.ಜೆ. ವಾಟ್ ಮುಂದೆ ವೃತ್ತಿಪರ ಆಟದಲ್ಲಿ ಮೂರು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾದ.

ಇಂಥ ಕಥೆಗಳನ್ನು ಹೇಳಲು ಸೊಗಸು. ಆದರೆ ಕಥೆಯಾಗದೆ ಹೋದವರೇ ಬಹುಮಂದಿ. ನಾಲ್ಕು ವರ್ಷ ಒಂದು ಪಂದ್ಯವನ್ನೂ ಆಡದೆ, ಮುರಿದ ಬೆರಳು, ಸವೆದ ಮಂಡಿ, ತೀರಿಸಬೇಕಾದ ಶಿಕ್ಷಣ ಸಾಲಗಳೊಂದಿಗೆ ಹೊರಬಂದವರಿದ್ದಾರೆ. ಗೆದ್ದ ಮೂವರನ್ನು ತೋರಿಸಿ ಉಳಿದವರ ಲೆಕ್ಕವನ್ನು ಮುಚ್ಚಿಡುವುದು ಸರಿಯಲ್ಲ. ಈ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. 85ರ ಮಿತಿಯೆಂದರೆ ವಿಶ್ವವಿದ್ಯಾಲಯಗಳು ಪರಸ್ಪರ ಮಾತಾಡಿಕೊಂಡು ನಮ್ಮ ದುಡಿಮೆಯ ಬೆಲೆಯನ್ನು ತಗ್ಗಿಸುವ ಒಪ್ಪಂದ ಎಂದು 2004ರಲ್ಲಿ ಕೆಲವು ಮಾಜಿ ವಾಕ್-ಆನ್‌ಗಳು ವಾಷಿಂಗ್ಟನ್ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2005ರಲ್ಲಿ ದಾವೆ ಮುಂದುವರಿಯಬಹುದೆಂದಿತು ನ್ಯಾಯಾಲಯ. 2006ರಲ್ಲಿ ಅವರೆಲ್ಲರ ಪರವಾಗಿ ಒಂದೇ ಸಾಮೂಹಿಕ ದಾವೆ ನಡೆಸಲು ಅನುಮತಿ ನಿರಾಕರಿಸಿತು. ಒಬ್ಬೊಬ್ಬನ ಕಥೆ ಒಂದೊಂದು ಬಗೆಯಾದ್ದರಿಂದ ವರ್ಗವಾಗಿ ನಿಲ್ಲಲಾರದೆ ಹೋದರು.

ಕಾಲ ಬದಲಾಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದೆಂದಾಯಿತು. ಮರುತಿಂಗಳೇ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ 36 ವಾಕ್-ಆನ್‌ಗಳಿಗೆ ತಿನಿಸು ತಯಾರಿಸುವ ಕಂಪನಿಯೊಂದು ವರ್ಷದ ಶುಲ್ಕದಷ್ಟು ಹಣ ಕೊಡಲು ಮುಂದೆ ಬಂದಿತು. ಆ ಬಳಿಕ ಬಂದದ್ದು ಹೌಸ್ ಮೊಕದ್ದಮೆಯ ರಾಜಿ. 2020ರಲ್ಲಿ ಹೂಡಿದ ಈ ದಾವೆಯಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ 2025ರ ಜೂನ್ 6ರಂದು ರಾಜಿಗೆ ಒಪ್ಪಿಗೆಯಿತ್ತರು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಒಂದು ವಿಶ್ವವಿದ್ಯಾಲಯ ಮೊದಲ ವರ್ಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ವಿದ್ಯಾರ್ಥಿವೇತನಗಳ ಮಿತಿ ರದ್ದು. ನೂರು ವರ್ಷ ದುಡಿಸಿಕೊಂಡು ಕೊಡದಿದ್ದದ್ದನ್ನು ಕೊಡಿಸಿದ ತೀರ್ಮಾನವಿದು, ಸ್ವಾಗತಾರ್ಹ.

ಆದರೆ ಅದರೊಳಗೆ ಇನ್ನೊಂದು ಸಾಲಿತ್ತು. ವೇತನಕ್ಕೆ ಮಿತಿ ಬೇಡವೆಂದಾದರೆ ತಲೆಗಳಿಗೆ ಮಿತಿ ಬೇಕು. ಫುಟ್‌ಬಾಲ್ ತಂಡದಲ್ಲಿ ಒಟ್ಟು 105 ಮಂದಿ ಮಾತ್ರ. 1973ರಲ್ಲಿ 105 ಎಂದರೆ ವೇತನ ಪಡೆಯುವವರ ಮಿತಿ. ಅದರಾಚೆಗೆ ಎಷ್ಟು ಮಂದಿಯಾದರೂ ಶುಲ್ಕ ಕಟ್ಟಿ ಆಡಬಹುದಿತ್ತು. 2025ರ 105ರಲ್ಲಿ ಅದರಾಚೆ ಎಂಬುದೇ ಇಲ್ಲ. 120ಕ್ಕೂ, ನೆಬ್ರಾಸ್ಕಾದಂಥ ಕಡೆ 150ಕ್ಕೂ ಹೋಗುತ್ತಿದ್ದ ಪಟ್ಟಿಗಳಿಗೆ ಕತ್ತರಿ ಬಿತ್ತು. ಹಣ ಕೇಳದೆ ಇದ್ದವರೇ ಹಣ ಹಂಚುವ ತೀರ್ಮಾನದಿಂದ ಹೊರಬಿದ್ದರು. ರಾಜಿಗೆ ಒಪ್ಪಿಗೆ ಸಿಗುವ ಮೊದಲೇ ಹಲವು ವಿಶ್ವವಿದ್ಯಾಲಯಗಳು ಹುಡುಗರನ್ನು ಮನೆಗೆ ಕಳಿಸತೊಡಗಿದ್ದವು. ನ್ಯಾಯಾಧೀಶೆ ಇದನ್ನು ಗಮನಿಸಿ, ಈ ಕಾರಣಕ್ಕೆ ಹೊರಬಿದ್ದವರಿಗೆ ರಕ್ಷಣೆ ಕೊಡದಿದ್ದರೆ ಒಪ್ಪುವುದಿಲ್ಲವೆಂದು ಏಪ್ರಿಲ್ಲಿನಲ್ಲಿ ತಡೆಹಿಡಿದರು. ವಕೀಲರು ತಿದ್ದುಪಡಿ ತಂದರು. ಮಿತಿಯಿಂದಾಗಿ ಜಾಗ ಕಳೆದುಕೊಂಡವರ, ಕಳೆದುಕೊಳ್ಳಲಿದ್ದವರ ಪಟ್ಟಿಯನ್ನು ಪ್ರತಿ ವಿಶ್ವವಿದ್ಯಾಲಯ ಒಪ್ಪಿಸಬೇಕು. ಆ ಪಟ್ಟಿಯಲ್ಲಿರುವವರು ಕಾಲೇಜು ಕ್ರೀಡೆಯಲ್ಲಿ ಉಳಿಯುವವರೆಗೆ 105ರ ಲೆಕ್ಕಕ್ಕೆ ಸೇರುವುದಿಲ್ಲ. ಹಳೆಯ ತಂಡಕ್ಕೇ ಮರಳಬಹುದು, ಬೇರೆ ತಂಡಕ್ಕೂ ಹೋಗಬಹುದು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾವ ತಂಡವೂ ಅವರನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ. ಆ ಹುಡುಗರು ಪದವಿ ಮುಗಿಸಿ ಹೊರಟ ಮೇಲೆ ಪಟ್ಟಿಯೂ ಮುಗಿಯುತ್ತದೆ. ಆಮೇಲೆ ಎಂಟು ಮಂದಿಯ ಫುಟ್‌ಬಾಲ್ ಆಡಿ ಬರುವ ಹಳ್ಳಿಯ ಹುಡುಗನೂ ಆ 105ರೊಳಗೇ ಜಾಗ ಹುಡುಕಬೇಕು.